ಜನರನ್ನು ಕೇಳಿ ತಿಳಿಯುವ ಕೆಲಸ: ಸಂಶೋಧನೆಯ ವಿಧಾನ ಮತ್ತು ನೀತಿ ಒಂದೇ ಆಗುವ ಜಾಗ

ಒಂದು ಕೋಣೆ ಅಂದುಕೊಳ್ಳಿ. ಒಬ್ಬ ಹೆಂಗಸು ಕೂತಿದ್ದಾಳೆ. ಎದುರಿಗೆ ಪ್ರಶ್ನೆಪಟ್ಟಿ ಹಿಡಿದ ಸಂದರ್ಶಕಿ. ಮಾತು ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ. "ಕಳೆದ ಒಂದು ವರ್ಷದಲ್ಲಿ ನಿಮ್ಮ ಗಂಡ ನಿಮ್ಮ ಮೇಲೆ ಕೈ ಮಾಡಿದ್ದುಂಟಾ?" ಎಂದು ಕೇಳಿ ಆಗಿದೆ. ಆಕೆ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗಂಡ ಒಳಗೆ ಬರುತ್ತಾನೆ. ಸಂದರ್ಶಕಿ ಗಾಬರಿಯಾಗುವುದಿಲ್ಲ. ಕೆಳಗಿದ್ದ ಇನ್ನೊಂದು ಹಾಳೆಯನ್ನು ಮೇಲಕ್ಕೆ ತರುತ್ತಾಳೆ. "ಮೊದಲ ಮಗುವಿಗೂ ಎರಡನೆಯದಕ್ಕೂ ಎಷ್ಟು ವರ್ಷದ ಅಂತರ ಅಂದ್ರಿ?" ಎಂದು ಅದೇ ದನಿಯಲ್ಲಿ ಮಾತು ಮುಂದುವರಿಸುತ್ತಾಳೆ.

ದೃಶ್ಯ ನಾನು ಕಟ್ಟಿದ್ದು. ಆದರೆ ಆ ಎರಡನೇ ಹಾಳೆ ನಿಜ. ಮನೆಯೊಳಗಿನ ಹಿಂಸೆಯ ಬಗ್ಗೆ ಅಧ್ಯಯನ ಮಾಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸಂದರ್ಶನ ಗುಟ್ಟಾಗಿ ನಡೆಯಬೇಕು. ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ಕೇಳಬೇಕು. ಇದು ಹಿಂಸೆಯ ಸಮೀಕ್ಷೆ ಅಂತ ಸುತ್ತಲಿನವರಿಗೆ ಗೊತ್ತಾಗಬಾರದು. ಯಾರಾದರೂ ಮಧ್ಯೆ ಬಂದರೆ ಮಾತನ್ನು ಬೇರೆ ಕಡೆಗೆ ತಿರುಗಿಸಲು ಸಂದರ್ಶಕರು ಮೊದಲೇ ತಯಾರಾಗಿರಬೇಕು.

ಈಗ ಹೇಳಿ, ಆ ಎರಡನೇ ಹಾಳೆ ಸಂಶೋಧನೆಯ ವಿಧಾನಕ್ಕೆ ಸೇರಿದ್ದಾ, ನೀತಿಗೆ, ಅಂದರೆ ಸರಿ ತಪ್ಪಿನ ವಿಚಾರಕ್ಕೆ, ಸೇರಿದ್ದಾ? ತರಗತಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಕಲಿಸುತ್ತಾರೆ. ಮೊದಲು ವಿಧಾನದ ಪಾಠಗಳು, ಕೊನೆಯಲ್ಲಿ ಸಮಯ ಉಳಿದರೆ ನೀತಿ. ನನಗೆ ಈ ಏರ್ಪಾಡು ಯಾವತ್ತೂ ಸರಿ ಕಂಡಿಲ್ಲ. ಆ ಹಾಳೆ ಹೆಂಗಸು ಏಟು ತಿನ್ನದಂತೆ ಕಾಯುತ್ತದೆ. ಹಾಗೆ ಕಾಯುವುದರಿಂದಲೇ ನಿಜವಾದ ಉತ್ತರವೂ ಸಿಗುತ್ತದೆ. ಹೆದರಿ ಕೂತವರು "ಏನೂ ಇಲ್ಲ" ಅಂತಾರೆ. ಆ "ಏನೂ ಇಲ್ಲ" ನೂರಾರು ಮನೆಗಳಿಂದ ಬಂದು ಕೋಷ್ಟಕದಲ್ಲಿ ಕೂತರೆ, ಹಿಂಸೆಯೇ ಇಲ್ಲವೇನೋ ಅನ್ನಿಸುವಂಥ ವರದಿ ತಯಾರಾಗುತ್ತದೆ. ಜನರನ್ನು ಚೆನ್ನಾಗಿ ನೋಡಿಕೊಳ್ಳದ ಸಂಶೋಧನೆ ಸುಳ್ಳು ಹೇಳುತ್ತದೆ, ಕೆಟ್ಟದಾಗಿ ಮಾಡಿದ ಸಂಶೋಧನೆ ಜನರಿಗೆ ಅನ್ಯಾಯ ಮಾಡುತ್ತದೆ. ಇಡೀ ವಿಷಯವನ್ನು ಈ ಕಡೆಯಿಂದ ನೋಡಿದರೆ ತುಂಬಾ ಸಂಗತಿಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ಕಲ್ಲಿಗೆ ಗೊತ್ತಾಗಲ್ಲ, ಮನುಷ್ಯರಿಗೆ ಗೊತ್ತಾಗುತ್ತದೆ

ಕಲ್ಲನ್ನು ತೂಗಿದರೆ ಕಲ್ಲಿನ ತೂಕ ಬದಲಾಗುವುದಿಲ್ಲ. ಮನುಷ್ಯರು ಹಾಗಲ್ಲ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ನಡೆ ಬದಲಾಗುತ್ತದೆ, ನುಡಿ ಬದಲಾಗುತ್ತದೆ. ಕೇಳುವವರಿಗೆ ಇಷ್ಟವಾಗುವ ಉತ್ತರ ಯಾವುದು ಅಂತ ಮನಸ್ಸು ಹುಡುಕುತ್ತದೆ. ಕುಡಿತದ ಲೆಕ್ಕ ಕಡಿಮೆ ಹೇಳುತ್ತೇವೆ, ಓದಿದ ಪುಸ್ತಕಗಳ ಲೆಕ್ಕ ಜಾಸ್ತಿ ಹೇಳುತ್ತೇವೆ. ಮೋಸ ಮಾಡುವ ಉದ್ದೇಶ ಇರಬೇಕೆಂದೇನೂ ಇಲ್ಲ. ನಾವು ಇರೋದೇ ಹೀಗೆ.

ಪ್ರಶ್ನೆಯ ಒಂದೇ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಕಾರುಗಳು ಡಿಕ್ಕಿಯಾಗುವ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಆಮೇಲೆ ಕಾರುಗಳ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ "ಒಂದಕ್ಕೊಂದು ಅಪ್ಪಳಿಸಿದಾಗ" ಅಂತ, ಇನ್ನು ಕೆಲವರಿಗೆ "ಗುದ್ದಿದಾಗ" ಅಂತ, ಮತ್ತೆ ಕೆಲವರಿಗೆ "ತಾಗಿದಾಗ" ಅಂತ. ನೋಡಿದ ಚಿತ್ರ ಎಲ್ಲರಿಗೂ ಅದೇ. "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡವರ ಅಂದಾಜು ಸರಾಸರಿ ಗಂಟೆಗೆ 40.8 ಮೈಲಿ. "ಗುದ್ದಿದಾಗ" ಅಂದಾಗ 34. "ತಾಗಿದಾಗ" ಅಂದಾಗ 31.8.

ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನೊಂದು ಗುಂಪಿನ ಮೇಲೆ ಇದೇ ರೀತಿಯ ಪ್ರಯೋಗ ಮಾಡಿ, ಒಂದು ವಾರ ಬಿಟ್ಟು "ಒಡೆದ ಗಾಜು ನೋಡಿದಿರಾ?" ಅಂತ ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ "ಅಪ್ಪಳಿಸಿದಾಗ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು. "ಗುದ್ದಿದಾಗ" ಗುಂಪಿನಲ್ಲಿ 7 ಮಂದಿ. ಅಂದರೆ ಪ್ರಶ್ನೆ ಬರೀ ಉತ್ತರವನ್ನು ಹೊರಗೆ ತೆಗೆಯುವುದಿಲ್ಲ. ನೆನಪಿನೊಳಗೇ ಕೈ ಹಾಕಿ ಏನನ್ನೋ ಇಟ್ಟು ಬರುತ್ತದೆ. ಒಬ್ಬರ ನೋವಿನ ನೆನಪನ್ನು ಕೇಳಲು ಹೊರಟವರು ಇದನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಅದಕ್ಕೇ ಪ್ರಶ್ನೆಪಟ್ಟಿ ಬರೆಯುವುದು ಒಂದು ಸಂಜೆಯ ಕೆಲಸ ಅಲ್ಲ. ಒಂದೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ತುರುಕಬಾರದು. "ನಿಮ್ಮ ಕೆಲಸ ಮತ್ತು ಸಂಬಳ ತೃಪ್ತಿ ತಂದಿದೆಯಾ?" ಅಂದರೆ ಕೆಲಸ ಇಷ್ಟವಾಗಿ ಸಂಬಳ ಸಾಲದವರು ಏನು ಹೇಳಬೇಕು? ಉತ್ತರವನ್ನು ಬಾಯಿಗೆ ಇಡುವ ಪ್ರಶ್ನೆಯೂ ಬೇಡ. ಮೊದಲು ಒಂದಿಷ್ಟು ಜನರ ಮೇಲೆ ಪ್ರಯತ್ನಿಸಿ, ಅವರಿಗೆ ಏನು ಅರ್ಥವಾಯಿತು ಅಂತ ಅವರನ್ನೇ ಕೇಳಿ, ತಿದ್ದಿ, ಮತ್ತೆ ಪ್ರಯತ್ನಿಸಬೇಕು. ಇಷ್ಟು ಮಾಡದೆ ಸಾವಿರ ಜನರ ಮುಂದೆ ಹೋಗಿ ತಲಾ ಅರ್ಧ ಗಂಟೆ ತೆಗೆದುಕೊಂಡರೆ, ಐನೂರು ಗಂಟೆ ಜನರ ಸಮಯ ಸುಮ್ನೆ ಹಾಳು ಮಾಡಿದಂತೆ. ಯಾವ ನೀತಿ ಸಂಹಿತೆಯೂ ಇದನ್ನು ಕಳ್ಳತನ ಅನ್ನುವುದಿಲ್ಲ. ನನಗೆ ಮಾತ್ರ ಅದಕ್ಕೆ ಹತ್ತಿರದ್ದೇ ಅನ್ನಿಸುತ್ತದೆ.

ಯಾರನ್ನು ಕೇಳಿದಿರಿ?

ಜಾಸ್ತಿ ಜನರನ್ನು ಕೇಳಿದರೆ ಉತ್ತರ ಸರಿಯಾಗಿರುತ್ತದೆ ಅಂತ ನಾವು ನಂಬಿಬಿಡುತ್ತೇವೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ಈ ನಂಬಿಕೆಗೆ ಕೊಟ್ಟ ಪೆಟ್ಟು ಇವತ್ತಿಗೂ ಪಾಠವಾಗಿದೆ. 'ಲಿಟರರಿ ಡೈಜೆಸ್ಟ್' ಅನ್ನುವ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಣಕು ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ಗೆದ್ದಿದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46 ಬಾಚಿಕೊಂಡು. ಜಾರ್ಜ್ ಗ್ಯಾಲಪ್ ಅವರ ಸಮೀಕ್ಷೆ ಇದಕ್ಕಿಂತ ತೀರಾ ಚಿಕ್ಕದು. ಅದು ಗೆದ್ದವರನ್ನು ಸರಿಯಾಗಿ ಹೇಳಿತ್ತು.

ಎಡವಿದ್ದು ಎಲ್ಲಿ? ಪತ್ರಿಕೆ ವಿಳಾಸಗಳನ್ನು ತೆಗೆದುಕೊಂಡಿದ್ದು ಮುಖ್ಯವಾಗಿ ಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಬೇರೆಯದೇ ವರ್ಗ. ಇನ್ನೊಂದು ಕಾರಣವೂ ಇದೆ, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮತಪತ್ರ ತುಂಬಿ ವಾಪಸ್ ಕಳಿಸುವಷ್ಟು ಆಸಕ್ತಿ, ಸಿಟ್ಟು ಇದ್ದವರು ಮಾತ್ರ ಕಳಿಸಿದ್ದರು. ಸುಮ್ಮನಿದ್ದವರ ಮನಸ್ಸು ಯಾರಿಗೂ ಗೊತ್ತಾಗಲಿಲ್ಲ. ಇವತ್ತು ಆನ್‌ಲೈನ್‌ನಲ್ಲಿ ಲಿಂಕ್ ಹಂಚಿ, "ಐದು ಸಾವಿರ ಜನ ಉತ್ತರಿಸಿದ್ದಾರೆ" ಅನ್ನುವ ಸಮೀಕ್ಷೆಗಳ ಕತೆಯೂ ಇದೇ ಅಲ್ವಾ?

ಮಾದರಿ ಆಯ್ಕೆಯಲ್ಲಿ, ಅಂದರೆ ಯಾರನ್ನು ಕೇಳಬೇಕು ಅಂತ ಆರಿಸುವುದರಲ್ಲಿ, ನ್ಯಾಯದ ಪ್ರಶ್ನೆಯೂ ಇದೆ. ಜೋಸೆಫ್ ಹೆನ್ರಿಕ್ ಮತ್ತು ಇಬ್ಬರು ಸಂಗಡಿಗರು 2010ರಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಮುಂದಿಟ್ಟರು. ಮನುಷ್ಯರೆಲ್ಲರ ಮನಸ್ಸಿನ ಬಗ್ಗೆ ಮಾತಾಡುವ ಅಧ್ಯಯನಗಳು ಬಹುತೇಕ ಪಾಶ್ಚಾತ್ಯ ಶ್ರೀಮಂತ ದೇಶಗಳ ಜನರ ಮೇಲೆ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಿವೆ ಅಂತ. ಕೈಗೆ ಸುಲಭವಾಗಿ ಸಿಗುವವರು ಅವರು. ಉಳಿದವರ ಬದುಕು ಲೆಕ್ಕಕ್ಕೇ ಬರಲಿಲ್ಲ, ಸಿದ್ಧಾಂತ ಮಾತ್ರ ಅವರಿಗೂ ಅನ್ವಯವಾಯಿತು.

ಎಲ್ಲ ಸಂಶೋಧನೆಗೂ ಸಾವಿರಾರು ಜನ ಬೇಕಿಲ್ಲ. ಎಷ್ಟು ಮಂದಿ ಅನ್ನುವುದಕ್ಕೆ ಸಮೀಕ್ಷೆ ಬೇಕು. ಯಾಕೆ, ಹೇಗೆ ಅನ್ನುವುದಕ್ಕೆ ಇಪ್ಪತ್ತು ಮೂವತ್ತು ಜನರ ಜತೆ ಬಿಚ್ಚು ಮನಸ್ಸಿನ ಮಾತುಕತೆ ಸಾಕಾಗಬಹುದು. ಹೊಸ ಸಂದರ್ಶನದಿಂದ ಹೊಸ ವಿಚಾರ ಬರುವುದು ನಿಂತರೆ ಅಲ್ಲಿಗೆ ನಿಲ್ಲಿಸುತ್ತಾರೆ. ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ತಿಳಿಯಬೇಕಾದರೆ ಅವರ ಜತೆಯಲ್ಲೇ ತಿಂಗಳುಗಟ್ಟಲೆ ಇದ್ದು ನೋಡಬೇಕು. ಒಂದರಿಂದ ಇನ್ನೊಂದು ಆಗುತ್ತದೆ ಅಂತ ಸಾಬೀತು ಮಾಡಬೇಕಾದರೆ ಮಾತ್ರ ಕಷ್ಟ ಜಾಸ್ತಿ. ಟ್ಯೂಷನ್‌ಗೆ ಹೋಗುವ ಮಕ್ಕಳ ಅಂಕ ಕಡಿಮೆ ಇದೆ ಅನ್ನಿ. ಟ್ಯೂಷನ್‌ನಿಂದ ಅಂಕ ಬಿತ್ತಾ, ಅಂಕ ಬಿದ್ದಿದ್ದಕ್ಕೆ ಟ್ಯೂಷನ್‌ಗೆ ಕಳಿಸಿದರಾ? ಬರೀ ಅಂಕಿ ನೋಡಿ ಹೇಳೋಕಾಗಲ್ಲ. ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಟ್ಯೂಷನ್ ಕೊಟ್ಟರೆ ಗೊತ್ತಾಗುತ್ತದೆ. ಆದರೆ ಒಳ್ಳೆಯದು ಅಂತ ನಮಗೇ ಅನ್ನಿಸಿದ್ದನ್ನು ಇನ್ನೊಂದು ಗುಂಪಿಗೆ ಕೊಡದೇ ಇರುವುದು ಸರಿಯಾ? ನೋಡಿ, ವಿಧಾನದ ಬಗ್ಗೆ ಮಾತಾಡುತ್ತಾ ಮತ್ತೆ ನೀತಿಗೇ ಬಂದೆವು.

ಒಪ್ಪಿಗೆ ಅಂದರೆ ಸಹಿ ಅಲ್ಲ

ಇವತ್ತಿನ ನಿಯಮಗಳು ಯಾರದೋ ತಲೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಜನ ನೊಂದ ಮೇಲೆ ಬಂದವು. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಒಂದು ಅಧ್ಯಯನ ನಡೆಸಿತು. ಅದರಲ್ಲಿದ್ದವರು ಸುಮಾರು 600 ಬಡ ಕಪ್ಪು ಗಂಡಸರು. 399 ಮಂದಿಗೆ ಸಿಫಿಲಿಸ್ ಇತ್ತು. ಅವರಿಗೆ ಕಾಯಿಲೆಯ ಹೆಸರನ್ನೇ ಹೇಳಲಿಲ್ಲ, "ಕೆಟ್ಟ ರಕ್ತ" ಅಂದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು, ಆ ಕಾಯಿಲೆ ವಾಸಿಯಾಗುತ್ತದೆ ಅಂತ ಗೊತ್ತಾದ ಮೇಲೂ ಕೊಡಲಿಲ್ಲ. ಔಷಧಿ ಇಲ್ಲದಿದ್ದರೆ ಕಾಯಿಲೆ ಹೇಗೆ ಮುಂದುವರಿಯುತ್ತದೆ ಅಂತ ನೋಡುವುದೇ ಅಧ್ಯಯನವಾಗಿತ್ತು. ಪೀಟರ್ ಬಕ್ಸ್‌ಟನ್ ಅನ್ನುವವರು ವಿಷಯವನ್ನು ಪತ್ರಿಕೆಗೆ ತಲುಪಿಸಿದ ಮೇಲೆ, 1972ರಲ್ಲಿ ಅದು ನಿಂತಿತು. ನಲವತ್ತು ವರ್ಷ! ಅಷ್ಟು ಕಾಲ ಎಷ್ಟೋ ವಿದ್ಯಾವಂತರ ಕಣ್ಣೆದುರೇ ಅದರ ವರದಿಗಳು ಪ್ರಕಟವಾಗುತ್ತಿದ್ದವು.

ಇದಾದ ಮೇಲೆ ಬಂದದ್ದು 1979ರ ಬೆಲ್ಮಾಂಟ್ ವರದಿ. ಅದು ಮೂರು ಮಾತು ಹೇಳಿತು. ವ್ಯಕ್ತಿಯನ್ನು ಗೌರವಿಸಿ, ಅಂದರೆ ತಿಳಿಸಿ, ಒಪ್ಪಿಗೆ ಪಡೆಯಿರಿ. ಒಳಿತು ಮಾಡಿ, ಹಾನಿ ತಪ್ಪಿಸಿ. ಸಂಶೋಧನೆಯ ಭಾರ ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆಗದಂತೆ ನ್ಯಾಯವಾಗಿ ನಡೆದುಕೊಳ್ಳಿ. ವರದಿ ಹುಟ್ಟಿದ್ದು ವೈದ್ಯಕೀಯದ ತಪ್ಪಿನಿಂದಲಾದರೂ ಸಮಾಜ ವಿಜ್ಞಾನವೂ ಅದೇ ನೆರಳಲ್ಲಿ ಬಂತು. ಅದಕ್ಕೆ ತಕ್ಕ ಕಾರಣಗಳು ಸಮಾಜ ವಿಜ್ಞಾನದ ಒಳಗೂ ಇದ್ದವು.

ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ ನಿಮಗೆ ಗೊತ್ತಿರಬಹುದು. ಬಂದವರಿಗೆ ಇದು ಕಲಿಕೆಯ ಅಧ್ಯಯನ ಅಂತ ಹೇಳಿದರು. ಪಕ್ಕದ ಕೋಣೆಯಲ್ಲಿ ಇರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕು, ಪ್ರತಿ ಸಲ ಹೆಚ್ಚಿಸುತ್ತಾ ಹೋಗಬೇಕು. ಶಾಕ್ ನಿಜವಲ್ಲ, ಆ ಮನುಷ್ಯ ನಟಿಸುತ್ತಿದ್ದ. ಗುಂಡಿ ಒತ್ತುವವರಿಗೆ ಅದು ಗೊತ್ತಿರಲಿಲ್ಲ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರ ಪೈಕಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಬೆವರಿದರು, ನಡುಗಿದರು, ಆದರೂ ಒತ್ತಿದರು. ಆಮೇಲೆ ಮಿಲ್‌ಗ್ರಾಂ ಪ್ರಶ್ನೆಪಟ್ಟಿ ಕಳಿಸಿದಾಗ, ಉತ್ತರಿಸಿದವರಲ್ಲಿ ನೂರಕ್ಕೆ 84 ಮಂದಿ ಭಾಗವಹಿಸಿದ್ದಕ್ಕೆ ಸಂತೋಷವಿದೆ ಅಂದರು. ಹಾಗಾದರೆ ತಪ್ಪೇನು ಅಂತ ಕೇಳಬಹುದು. ತಾನು ಒಬ್ಬನನ್ನು ಕೊಲ್ಲುವ ತನಕ ಹೋಗಬಲ್ಲೆ ಅನ್ನುವ ತಿಳಿವನ್ನು, ಕೇಳದೇ ಇದ್ದವರ ತಲೆಯ ಮೇಲೆ ಹೇರುವ ಅಧಿಕಾರ ಯಾರಿಗಿದೆ? ಇದು ಸಣ್ಣ ಪ್ರಶ್ನೆಯಲ್ಲ. ಆಮೇಲಿನ ವರ್ಷಗಳಲ್ಲಿ ಹಳೆಯ ದಾಖಲೆ ತೆಗೆದು ನೋಡಿದವರು ಇನ್ನೊಂದು ತೊಡಕನ್ನು ಎತ್ತಿದರು. ಶಾಕ್ ನಿಜವೇ ಅಂತ ಭಾಗವಹಿಸಿದವರಲ್ಲಿ ಹಲವರಿಗೆ ಅನುಮಾನವಿತ್ತು. ಸುಳ್ಳು ಹೇಳಿ ಪ್ರಯೋಗ ಮಾಡಿದರೆ, ಆ ಸುಳ್ಳನ್ನು ಎಷ್ಟು ಜನ ನಂಬಿದರು ಅನ್ನುವುದೇ ಫಲಿತಾಂಶದೊಳಗಿನ ತೂತಾಗುತ್ತದೆ.

1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಜೈಲಿನ ಪ್ರಯೋಗವೂ ಹೀಗೆಯೇ. ವಿದ್ಯಾರ್ಥಿಗಳನ್ನು ಕೈದಿಗಳು, ಕಾವಲುಗಾರರು ಅಂತ ಹಂಚಿ ಎರಡು ವಾರ ನಡೆಸಬೇಕಿತ್ತು. ಕಾವಲುಗಾರರ ಕಾಟ ಮಿತಿಮೀರಿ 6 ದಿನಕ್ಕೇ ನಿಲ್ಲಿಸಿದರು. ನಿಲ್ಲಿಸಲು ಕಾರಣಳಾದವಳು ಕ್ರಿಸ್ಟಿನಾ ಮ್ಯಾಸ್ಲಾಕ್. ಹೊರಗಿನಿಂದ ಬಂದು ನೋಡಿ, ಆ ಹುಡುಗರಿಗೆ ನೀವು ಮಾಡುತ್ತಿರುವುದು ಘೋರ ಅಂತ ಜಗಳ ಮಾಡಿದಳು. ಸಂಶೋಧಕ ಫಿಲಿಪ್ ಝಿಂಬಾರ್ಡೊ ಸ್ವತಃ ಜೈಲಿನ ಮೇಲಧಿಕಾರಿಯ ಪಾತ್ರದಲ್ಲಿದ್ದರು. ಗಮನಿಸಬೇಕಾದವರೇ ಆಟದಲ್ಲಿದ್ದರೆ ಹಾನಿ ಕಣ್ಣಿಗೆ ಬೀಳುವುದಿಲ್ಲ. ಫಲಿತಾಂಶ ಯಾರದ್ದು ಅನ್ನುವುದೂ ತಿಳಿಯುವುದಿಲ್ಲ. ಕಾವಲುಗಾರರಿಗೆ ಹೇಗೆ ವರ್ತಿಸಬೇಕು ಅಂತ ಮೊದಲೇ ಸೂಚನೆ ಕೊಟ್ಟಿದ್ದರು ಅನ್ನುವುದು ದಾಖಲೆಗಳಿಂದ ಆಮೇಲೆ ಹೊರಬಂತು. ತಾವಾಗಿಯೇ ಕ್ರೂರಿಗಳಾದರು ಅನ್ನುವ ತೀರ್ಮಾನ ಅಲ್ಲಿಗೆ ಅಲುಗಾಡಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಲಾಡ್ ಹಂಫ್ರೀಸ್ ಮಾಡಿದ ಅಧ್ಯಯನ. 1960ರ ದಶಕದ ಅಮೆರಿಕ. ಗಂಡಸರ ನಡುವಿನ ಲೈಂಗಿಕ ಸಂಬಂಧ ಆಗ ಅಲ್ಲಿ ಬಹುತೇಕ ಕಡೆ ಅಪರಾಧ. ಉದ್ಯಾನಗಳ ಸಾರ್ವಜನಿಕ ಶೌಚಾಲಯಗಳಲ್ಲಿ ಸೇರುತ್ತಿದ್ದ ಗಂಡಸರನ್ನು ಹಂಫ್ರೀಸ್ ಕಾವಲು ಕಾಯುವವರ ಸೋಗಿನಲ್ಲಿ ಗಮನಿಸಿದರು. ಅವರ ಕಾರಿನ ನಂಬರ್ ಬರೆದುಕೊಂಡರು. ನಂಬರ್‌ನಿಂದ ವಿಳಾಸ ಪಡೆದರು. ಸುಮಾರು ಒಂದು ವರ್ಷ ಬಿಟ್ಟು, ಗುರುತು ಸಿಗದಂತೆ ವೇಷ ಬದಲಿಸಿ, ಆರೋಗ್ಯ ಸಮೀಕ್ಷೆಯ ಹೆಸರಲ್ಲಿ ಅವರ ಮನೆಗಳಿಗೇ ಹೋಗಿ ಪ್ರಶ್ನೆ ಕೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಮದುವೆಯಾಗಿ ಹೆಂಡತಿಯ ಜತೆ ಬಾಳುತ್ತಿದ್ದವರು. ಅಂಥವರ ಬಗ್ಗೆ ಸಮಾಜದಲ್ಲಿದ್ದ ಕೆಟ್ಟ ಕಲ್ಪನೆಗಳು ತಪ್ಪು ಅಂತ ಈ ಕೆಲಸ ತೋರಿಸಿತು. ಯಾರ ಹೆಸರೂ ಹೊರಗೆ ಬೀಳಲಿಲ್ಲ. ಉದ್ದೇಶವೂ ಒಳ್ಳೆಯದೇ.

ಆದರೂ ಆ ಪಟ್ಟಿ ಕೈತಪ್ಪಿದ್ದರೆ? ಕೆಲಸ, ಸಂಸಾರ, ಮರ್ಯಾದೆ ಎಲ್ಲ ಒಂದೇ ದಿನದಲ್ಲಿ ಮುಗಿದುಹೋಗುತ್ತಿತ್ತು. ಇಷ್ಟು ದೊಡ್ಡ ಅಪಾಯವನ್ನು ಹೊತ್ತವರು ಆ ಗಂಡಸರು. ಹೊರುವುದಕ್ಕೆ ಒಪ್ಪಿಗೆ ಇದೆಯಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಧ್ಯಯನವೇ ಆಗುತ್ತಿರಲಿಲ್ಲ ಅನ್ನುವುದು ನಿಜ. ಕೆಲವು ಸಂಗತಿಗಳು ನಮಗೆ ತಿಳಿಯದೇ ಉಳಿದರೂ ಪರವಾಗಿಲ್ಲ ಅನ್ನುವ ಕಡೆ ನಾನಿದ್ದೇನೆ. ಇದನ್ನು ಒಪ್ಪದ ಒಳ್ಳೆಯ ಸಂಶೋಧಕರೂ ಇದ್ದಾರೆ.

ಹೊಸ ಕಾಲದಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರ ಪುಟಗಳಲ್ಲಿ ಖುಷಿಯ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ಮಾಡಿ, ಅವರ ಬರವಣಿಗೆಯ ಭಾವ ಬದಲಾಗುತ್ತದಾ ಅಂತ ನೋಡಿತು. 2014ರಲ್ಲಿ ಅದು ಪ್ರಕಟವಾದಾಗ ಗಲಾಟೆ ಎದ್ದಿತು. ಖಾತೆ ತೆರೆಯುವಾಗ ಷರತ್ತುಗಳಿಗೆ ಒಪ್ಪಿದ್ದೇ ಒಪ್ಪಿಗೆ ಅನ್ನುವುದು ಅವರ ವಾದ. ಯಾರೂ ಓದದ ಷರತ್ತಿನ ಕೆಳಗೆ ಒತ್ತಿದ ಗುಂಡಿ ಒಪ್ಪಿಗೆ ಆಗುತ್ತದೆಯೇ?

ನಿಜವಾದ ಒಪ್ಪಿಗೆಗೆ ಒಂದು ಸರಳ ಪರೀಕ್ಷೆ ಇದೆ. ಎದುರಿಗಿರುವವರು ಸುಲಭವಾಗಿ "ಬೇಡ" ಅನ್ನಬಹುದಾ? ಮೇಷ್ಟ್ರು ತಮ್ಮದೇ ವಿದ್ಯಾರ್ಥಿಗಳನ್ನು ಕೇಳಿದರೆ, ಮಾಲೀಕರ ಜತೆ ಬಂದು ಕೆಲಸಗಾರರನ್ನು ಕೇಳಿದರೆ, "ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಅರ್ಧಕ್ಕೆ ಎದ್ದು ಹೋಗಬಹುದಾ? ಕೊಟ್ಟ ಉತ್ತರ ವಾಪಸ್ ತೆಗೆದುಕೊಳ್ಳಬಹುದಾ? ಓದು ಬರಹ ಬಾರದವರ ಮುಂದೆ ನಾಲ್ಕು ಪುಟದ ನಮೂನೆ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ, ಆ ಕಾಗದ ಕಾಯುವುದು ಸಂಶೋಧಕರನ್ನೇ ಹೊರತು ಅವರನ್ನಲ್ಲ. ಎಷ್ಟೋ ಕಡೆ ಬಾಯಿಮಾತಿನಲ್ಲಿ ನಿಧಾನವಾಗಿ ವಿವರಿಸಿ, ಅದನ್ನು ಧ್ವನಿಮುದ್ರಣ ಮಾಡಿಕೊಳ್ಳುವುದೇ ಮೇಲು. ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿಗಳು ಕೆಲಸ ಶುರುವಾಗುವ ಮುಂಚೆ ಕಾಗದಪತ್ರ ನೋಡುತ್ತವೆ, ನೋಡಲೇಬೇಕು. ಆದರೆ ಮೂರನೇ ಪ್ರಶ್ನೆಗೆ ಒಬ್ಬರ ಕಣ್ಣು ತುಂಬಿದಾಗ ಅಲ್ಲಿ ಸಮಿತಿ ಇರುವುದಿಲ್ಲ.

ಹೆಸರು ಅಳಿಸಿದರೆ ಸಾಕಾ?

"ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ" ಅಂತ ಮಾತು ಕೊಡುವುದು ಸುಲಭ. ಲಟಾನ್ಯಾ ಸ್ವೀನಿ ಅಮೆರಿಕದ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿ, ಅಂಚೆ ಪಿನ್ ಸಂಖ್ಯೆ, ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವ ಮೂರೇ ವಿವರಗಳಿಂದ ಅಲ್ಲಿನ ನೂರಕ್ಕೆ 87ರಷ್ಟು ಜನರನ್ನು ಗುರುತಿಸಬಹುದು ಅಂತ 2000ದಲ್ಲಿ ಹೇಳಿದರು. ಹೆಸರು ಬೇಕಾಗಲೇ ಇಲ್ಲ. ಚಿಕ್ಕ ಸಮುದಾಯದಲ್ಲಂತೂ "ಐವತ್ತು ದಾಟಿದ ಒಬ್ಬ ಶಿಕ್ಷಕಿ" ಅಂದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಕಾನೂನೂ ಅಡ್ಡ ಬರಬಹುದು. ಬಾಸ್ಟನ್ ಕಾಲೇಜಿನ ಒಂದು ಯೋಜನೆಯಲ್ಲಿ ಉತ್ತರ ಐರ್ಲೆಂಡ್‌ನ ಹಿಂದಿನ ಸಶಸ್ತ್ರ ಗುಂಪುಗಳ ಸದಸ್ಯರ ಮಾತು ಮುದ್ರಿಸಿಕೊಂಡರು. ನೀವು ಬದುಕಿರುವ ತನಕ ಇದು ಹೊರಗೆ ಬರುವುದಿಲ್ಲ ಅಂತ ಅವರಿಗೆ ನಂಬಿಕೆ ಕೊಟ್ಟಿದ್ದರು. 2011ರಲ್ಲಿ ಪೊಲೀಸರು ಕೊಲೆ ತನಿಖೆಗಾಗಿ ಟೇಪುಗಳನ್ನು ಕೇಳಿದರು, ನ್ಯಾಯಾಲಯದಲ್ಲಿ ಹೋರಾಟ ನಡೆದು ಕೆಲವನ್ನು ಕೊಡಬೇಕಾಯಿತು. ಉಳಿಸಿಕೊಳ್ಳಲಾಗದ ಮಾತನ್ನು ಸಂಶೋಧಕರು ಕೊಟ್ಟಿದ್ದರು. ಅದನ್ನು ನಂಬಿ ಬಾಯಿ ಬಿಟ್ಟವರು ಸಿಕ್ಕಿಕೊಂಡರು.

ಹಾಗಾದರೆ ನಮಗೇ ಉತ್ತರ ಗೊತ್ತಾಗದಂತೆ ಕೇಳಬಹುದಾ? ಕೇಳಬಹುದು! ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಇದು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಇದರ ದಾರಿ ತೋರಿಸಿದರು. ಅವರ ಮೂಲ ರೂಪ ಸ್ವಲ್ಪ ಬೇರೆ. ಆಮೇಲೆ ಬಂದ ನಾಣ್ಯದ ರೂಪ ಅರ್ಥವಾಗೋಕೆ ಸುಲಭ.

"ನೀವು ಯಾವತ್ತಾದರೂ ಲಂಚ ಕೊಟ್ಟಿದ್ದೀರಾ?" ಅಂತ ತಿಳಿಯಬೇಕು ಅನ್ನಿ. ಕೈಗೆ ಒಂದು ನಾಣ್ಯ ಕೊಡಿ. ಯಾರಿಗೂ ಕಾಣದಂತೆ ಚಿಮ್ಮಲಿ. ತಲೆ ಬಿದ್ದರೆ ಸುಮ್ನೆ "ಹೌದು" ಅನ್ನಬೇಕು. ಬಾಲ ಬಿದ್ದರೆ ನಿಜ ಹೇಳಬೇಕು. ಈಗ ಒಬ್ಬರು "ಹೌದು" ಅಂದರೆ, ನಾಣ್ಯದ ಹೌದೋ ಲಂಚದ ಹೌದೋ ಯಾರಿಗೂ ಗೊತ್ತಾಗುವುದಿಲ್ಲ. ಸಂಶೋಧಕರಿಗೂ ಇಲ್ಲ, ಪೊಲೀಸರು ಬಂದು ಕಾಗದ ಎತ್ತಿಕೊಂಡು ಹೋದರೂ ಇಲ್ಲ. ಆದರೆ ಗುಂಪಿನ ಲೆಕ್ಕ ಸಿಗುತ್ತದೆ. 1,000 ಜನರಲ್ಲಿ ಸುಮಾರು 500 ಮಂದಿಗೆ ತಲೆ ಬಿದ್ದಿರುತ್ತದೆ, ಅವರೆಲ್ಲ "ಹೌದು" ಅಂದಿರುತ್ತಾರೆ. ಒಟ್ಟು 600 "ಹೌದು" ಬಂದಿದ್ದರೆ ಮಿಕ್ಕ 100 ಬಂದದ್ದು ನಿಜ ಹೇಳಬೇಕಾಗಿದ್ದ 500 ಜನರಿಂದ. ಅಂದರೆ ನೂರಕ್ಕೆ ಸುಮಾರು 20 ಮಂದಿ ಲಂಚ ಕೊಟ್ಟಿದ್ದಾರೆ. ಒಬ್ಬರನ್ನೂ ಬಯಲಿಗೆಳೆಯದೆ ಎಲ್ಲರ ಸತ್ಯ ಸಿಕ್ಕಿತು! ಇದಕ್ಕೊಂದು ಬೆಲೆ ಇದೆ. ನಾಣ್ಯದ ಏರುಪೇರಿನಿಂದ ಅಂದಾಜು ಸಡಿಲವಾಗುತ್ತದೆ, ಅದನ್ನು ಬಿಗಿ ಮಾಡಲು ಜಾಸ್ತಿ ಜನ ಬೇಕು. ನಿಯಮ ಅರ್ಥವಾಗದವರೂ, ನಂಬದವರೂ ಇರುತ್ತಾರೆ. ಆದರೂ ನೀತಿ ಮತ್ತು ವಿಧಾನ ಒಂದೇ ನಾಣ್ಯದಲ್ಲಿ ಕೂತಿರುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಅಂಕಿಗಳ ಜತೆ ಪ್ರಾಮಾಣಿಕತೆ

ಮಾಹಿತಿ ಕೈಗೆ ಬಂದ ಮೇಲೂ ಹೊಣೆ ಮುಗಿಯುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಡೀಡರಿಕ್ ಸ್ಟಾಪೆಲ್ ಹೆಸರುವಾಸಿ ಮನಶ್ಶಾಸ್ತ್ರಜ್ಞರು. ನಡೆಯದೇ ಇದ್ದ ಸಮೀಕ್ಷೆಗಳ ಅಂಕಿಗಳನ್ನು ಕೂತು ತಾವೇ ತುಂಬಿದ್ದರು ಅನ್ನುವುದು 2011ರಲ್ಲಿ ಬಯಲಾಯಿತು. ಅವರ 50ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡರು. ಇಂಥ ಹಸಿ ಸುಳ್ಳು ಅಪರೂಪ. ಜಾಸ್ತಿ ನಡೆಯುವುದು, ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು, ಒಳ್ಳೆಯವರೂ ಗೊತ್ತಿಲ್ಲದೆ ಮಾಡುವ ತಪ್ಪು. ಲೆಕ್ಕ ಬೇಕಾದಂತೆ ಬರದಿದ್ದರೆ ಇನ್ನೊಂದು ರೀತಿ ಹಾಕಿ ನೋಡುವುದು, ಕೆಲವರನ್ನು ಬಿಟ್ಟು ಹಾಕುವುದು, ಇನ್ನೊಂದಿಷ್ಟು ಜನರನ್ನು ಸೇರಿಸುವುದು, ಕೆಲಸ ಮಾಡಿದ ಲೆಕ್ಕವನ್ನು ಮಾತ್ರ ಬರೆಯುವುದು.

ಇದು ಎಲ್ಲಿಗೆ ಕೊಂಡೊಯ್ಯುತ್ತದೆ ಅಂತ ತೋರಿಸಲು 2011ರಲ್ಲಿ ಮೂವರು ಸಂಶೋಧಕರು ಬೇಕೆಂದೇ ಒಂದು ಅಧ್ಯಯನ ಮಾಡಿದರು. ಎಲ್ಲರೂ ಮಾಡುವಂಥ ಇದೇ ಸಣ್ಣಪುಟ್ಟ ಹೊಂದಾಣಿಕೆಗಳನ್ನು ಮಾಡಿಕೊಂಡು, ಒಂದು ಹಾಡು ಕೇಳಿದವರ ವಯಸ್ಸು ಇನ್ನೊಂದು ಹಾಡು ಕೇಳಿದವರಿಗಿಂತ ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಅಂತ ಅಂಕಿಅಂಶದ ನಿಯಮದ ಪ್ರಕಾರವೇ "ಸಾಬೀತು" ಮಾಡಿದರು. ಹಾಡು ಕೇಳಿದರೆ ಹುಟ್ಟಿದ ದಿನಾಂಕ ಬದಲಾಗುತ್ತದಾ! ನಾಲ್ಕು ವರ್ಷದ ನಂತರ, 2015ರಲ್ಲಿ, ದೊಡ್ಡದೊಂದು ತಂಡ ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97 ಅಧ್ಯಯನಗಳು ಪರಿಣಾಮ ಇದೆ ಅಂದಿದ್ದವು. ಎರಡನೇ ಸಲ ಆ ಮಟ್ಟ ಮುಟ್ಟಿದ್ದು ನೂರಕ್ಕೆ 36 ಮಾತ್ರ. ಅದಕ್ಕೇ ಈಗ ಹಲವರು ಮಾಹಿತಿ ಸಂಗ್ರಹಿಸುವ ಮೊದಲೇ ತಮ್ಮ ಊಹೆ ಏನು, ಲೆಕ್ಕ ಹೇಗೆ ಹಾಕುತ್ತೇವೆ ಅಂತ ಬರೆದು ಎಲ್ಲರಿಗೂ ಕಾಣುವಂತೆ ನೋಂದಾಯಿಸುತ್ತಾರೆ. ಆಮೇಲೆ ದಾರಿ ಬದಲಿಸಿದರೆ ಬದಲಿಸಿದ್ದು ಗೊತ್ತಾಗುತ್ತದೆ.

ಬಾಗಿಲಿನಿಂದ ಬನ್ನಿ

ಇಷ್ಟು ಹೊತ್ತು ನಿಯಮ ಬರೆದವರೆಲ್ಲ ಸಂಶೋಧಕರು, ಸಮಿತಿಗಳು, ಸರ್ಕಾರಗಳು. 2017ರಲ್ಲಿ ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ ತಮ್ಮದೇ ಸಂಶೋಧನಾ ನೀತಿ ಸಂಹಿತೆ ಹೊರತಂದರು. ಅವರ ಬಗ್ಗೆ ಹೊರಗಿನವರು ಬಂದು ಬರೆದುಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ. ಕೇಳದೆ ಫೋಟೊ ತೆಗೆದವರು, ಮುಜುಗರ ತರುವಂಥ ಮಾತುಗಳಲ್ಲಿ ಬರೆದವರು, ಮಾತು ಕೊಟ್ಟು ಮತ್ತೆ ಮುಖ ತೋರಿಸದವರು. ಸಂಹಿತೆ ತಯಾರಿಯಲ್ಲಿ ದುಡಿದ ನಾಯಕ ಆಂಡ್ರೀಸ್ ಸ್ಟೀನ್‌ಕಾಂಪ್ ಸಂಶೋಧಕರಿಗೆ ಕೇಳಿಕೊಂಡಿದ್ದು ಇಷ್ಟೇ: ಕಿಟಕಿಯಿಂದ ಬರಬೇಡಿ, ಬಾಗಿಲಿನಿಂದ ಬನ್ನಿ. ಬಾಗಿಲು ಅಂದರೆ ಅವರ ಮಂಡಳಿ, ಅವರು ಕೂತು ತೀರ್ಮಾನ ಮಾಡುವ ರೀತಿ. ಮೊದಲು ಅಲ್ಲಿ ಬಂದು ಏನು ಮಾಡುತ್ತೀರಿ ಅಂತ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಬರೆದದ್ದನ್ನು ಪ್ರಕಟಿಸುವ ಮುಂಚೆ ಅವರಿಗೆ ತೋರಿಸಬೇಕು. ಮಾತು ತಪ್ಪಿದ ಸಂಸ್ಥೆಗಳಿಗೆ ಮುಂದೆ ಅಲ್ಲಿ ಸಹಕಾರ ಸಿಗದೇ ಹೋಗಬಹುದು ಅಂತಲೂ ಅದರಲ್ಲಿ ಬರೆದಿದೆ.

ಅದು ಉದ್ದದ ದಾಖಲೆ ಏನಲ್ಲ, ಕೆಲವೇ ಪುಟ. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅನ್ನುವ ನಾಲ್ಕು ಮೌಲ್ಯ. ಒಂದೊಂದರ ಕೆಳಗೂ ಏನು ಬೇಕು ಅಂತ ಬರೆದು, ಹಿಂದೆ ಅದು ತಪ್ಪಿದ್ದು ಹೇಗೆ ಅಂತಲೂ ತಮ್ಮದೇ ಅನುಭವದಿಂದ ಸೇರಿಸಿದ್ದಾರೆ.